ಹೂವಿನೊಳಗಿನ ದೂರ

ಬಯಲುಸೀಮೆಯಲ್ಲಿ ರಸ್ತೆಯ ಮಗ್ಗುಲಿಗೆ, ಹೊಲದ ಬದುವಿನ ಮೇಲೆ, ಬೇರೇನೂ ಬೆಳೆಯದ ಕಲ್ಲುನೆಲದಲ್ಲಿ ತಂಗಡಿ ಗಿಡ ಮೈತುಂಬ ಹಳದಿ ಹೂ ಹೊತ್ತು ನಿಂತಿರುತ್ತದೆ. ಕೆಲವು ಕಡೆ ಅದನ್ನು ಆವರಿಕೆ ಎನ್ನುತ್ತಾರೆ. ದನಕರು ಅದಕ್ಕೆ ಬಾಯಿ ಹಾಕುವುದಿಲ್ಲ. ತೊಗಲು ಹದ ಮಾಡುವವರಿಗೆ ಅದರ ತೊಗಟೆ ಬೇಕಿದ್ದ ಕಾಲವೊಂದಿತ್ತು. ಈಗ ಅದರ ಹತ್ತಿರ ನಿಲ್ಲುವವರು ಕಡಿಮೆ. ನಿಂತರೆ ಒಂದು ಕೆಲಸ ಮಾಡಬೇಕು. ನಾಲ್ಕಾರು ಹೂಗಳನ್ನು ಒಂದರ ಪಕ್ಕ ಒಂದಿಟ್ಟು, ಎಲ್ಲದರ ಮುಖವನ್ನೂ ನಮ್ಮ ಕಡೆಗೆ ತಿರುಗಿಸಿ ನೋಡಬೇಕು. ಪ್ರತಿ ಹೂವಿನ ನಡುವಿನಿಂದ ಹಸಿರು ಬಣ್ಣದ ತೆಳು ಕಡ್ಡಿಯೊಂದು ಬಾಗಿಕೊಂಡು ಹೊರಗೆ ಚಾಚಿರುತ್ತದೆ. ಅದು ಹೂವಿನ ಹೆಣ್ಣು ಭಾಗ, ಶಲಾಕೆ. ಒಂದು ಹೂವಿನಲ್ಲಿ ಅದು ಎಡಕ್ಕೆ ಬಾಗಿದ್ದರೆ ಇನ್ನೊಂದರಲ್ಲಿ ಬಲಕ್ಕೆ ಬಾಗಿರುತ್ತದೆ. ಒಂದೇ ಗಿಡದಲ್ಲಿ ಎಡಚ ಹೂಗಳೂ ಉಂಟು, ಬಲಚ ಹೂಗಳೂ ಉಂಟು. ಬಣ್ಣ, ಎಸಳು, ಅಳತೆ ಯಾವುದರಲ್ಲೂ ವ್ಯತ್ಯಾಸವಿಲ್ಲ. ಬಾಗಿದ ದಿಕ್ಕೊಂದೇ ಬೇರೆ.

ನಾವು ಹೂವನ್ನು ನೋಡುವುದು ದೂರದಿಂದ. ದೇವರಿಗೆ ಏರಿಸುವಾಗ, ಮುಡಿಯುವಾಗ, ಮಾರು ಲೆಕ್ಕದಲ್ಲಿ ಕೊಳ್ಳುವಾಗ ನಮ್ಮ ಕಣ್ಣಿರುವುದು ಬಣ್ಣದ ಮೇಲೆ, ಮೂಗಿರುವುದು ಪರಿಮಳದ ಮೇಲೆ. ಅವೆರಡೂ ಹೂವಿನ ಹೊರಬಾಗಿಲಿನ ವ್ಯವಹಾರ, ಬರುವವರನ್ನು ಕರೆಯುವುದಕ್ಕೆ ಇರುವಂಥವು. ಒಳಗೆ ಬಂದ ಮೇಲೆ ನಡೆಯಬೇಕಾದ್ದು ಬೇರೆಯೇ ಇದೆ. ಅಲ್ಲಿ ಲೆಕ್ಕಕ್ಕೆ ಬರುವುದು ದೂರ: ಪರಾಗ ಹೊತ್ತ ಕೇಸರದ ತುದಿಗೂ ಪರಾಗ ಬೇಡುವ ಶಲಾಕಾಗ್ರಕ್ಕೂ ನಡುವಿನ ಒಂದೆರಡು ಮಿಲಿಮೀಟರ್ ದೂರ, ಅವುಗಳ ಎತ್ತರ, ಅವು ಮುಖ ಮಾಡಿದ ದಿಕ್ಕು. ಗಿಡಕ್ಕೆ ಕಾಲಿಲ್ಲ. ತಾನು ಯಾರೊಡನೆ ಕೂಡಬೇಕು, ಯಾರೊಡನೆ ಕೂಡಬಾರದು ಎಂಬುದರಲ್ಲಿ ಬಹುಪಾಲನ್ನು ಅದು ತೀರ್ಮಾನಿಸುವುದು ಈ ಸಣ್ಣ ದೂರದಲ್ಲೇ. ಹೂವಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದೂ ಅದೇ.

ತಂಗಡಿಯ ಹೂವಿನಲ್ಲಿ ಮಕರಂದವಿಲ್ಲ. ಬಂದವರಿಗೆ ಅದು ಬಡಿಸುವುದು ಪರಾಗವನ್ನೇ. ಪರಾಗವೆಲ್ಲ ಬಂದವರ ಊಟಕ್ಕೇ ಮುಗಿದುಹೋದರೆ ವಂಶ ಬೆಳೆಯುವುದು ಹೇಗೆ? ಅದಕ್ಕಾಗಿ ಕೇಸರಗಳ ನಡುವೆಯೇ ಕೆಲಸ ಹಂಚಿಕೆಯಾಗಿದೆ. ಮೇಲಿನವು ಬರಡು. ನಡುವಿನ ಗಿಡ್ಡ ಕೇಸರಗಳು ಊಟಕ್ಕೆ. ಕೆಳಗಿನ ಉದ್ದನೆಯವು ಮದುವೆಗೆ. ಪರಾಗಕೋಶಗಳು ಸೀಳಿ ತೆರೆದುಕೊಳ್ಳುವುದಿಲ್ಲ. ತುದಿಯಲ್ಲೊಂದು ಸಣ್ಣ ರಂಧ್ರವಿರುತ್ತದೆ, ಅಷ್ಟೆ. ಉಪ್ಪಿನ ಡಬ್ಬಿ ಕೊಡವಿದಂತೆ ಕೊಡವಿದರೆ ಮಾತ್ರ ಪುಡಿ ಉದುರುತ್ತದೆ.

ಕೊಡವುವ ಕೆಲಸ ದುಂಬಿಯದು. ನಮ್ಮ ಕಾವ್ಯಗಳು ದುಂಬಿಗೆ ಮಧುಪಾನವೊಂದನ್ನೇ ಕಸುಬಾಗಿ ಹಚ್ಚಿ ಕೂರಿಸಿವೆ. ಒಣಮರದಲ್ಲಿ, ಬಿದಿರಿನಲ್ಲಿ ತೂತು ಕೊರೆದು ಮನೆ ಮಾಡುವ, ನೀಲಿ ಮಿಂಚುವ ರೆಕ್ಕೆಯ ಆ ಕಪ್ಪು ದೊಡ್ಡ ಹುಳ ಮಾಡುವ ಇನ್ನೊಂದು ಕೆಲಸ ಕವಿಗಳ ಕಣ್ಣಿಗೆ ಬಿದ್ದ ಹಾಗಿಲ್ಲ. ಅದು ತಂಗಡಿ ಹೂವಿನ ಮೇಲಿಳಿದು ನಡುವಿನ ಕೇಸರಗಳನ್ನು ತಬ್ಬಿ ಹಿಡಿಯುತ್ತದೆ. ರೆಕ್ಕೆಗಳನ್ನು ಬೀಸದೆ, ಹಾರಾಟಕ್ಕೆ ಬಳಸುವ ಎದೆಯ ಸ್ನಾಯುಗಳನ್ನು ಮಾತ್ರ ಅದುರಿಸುತ್ತದೆ. ಹಾರಿ ಬರುವಾಗಿನ ತಗ್ಗು ಝೇಂಕಾರ ಆ ಕ್ಷಣ ಸರ್ರನೆ ಮೇಲಿನ ಸ್ವರಕ್ಕೇರುತ್ತದೆ; ಗಿಡದ ಬಳಿ ಸುಮ್ಮನೆ ನಿಂತರೆ ನಮ್ಮ ಕಿವಿಗೇ ಕೇಳುತ್ತದೆ. ಆ ಅದುರಿಗೆ ಪರಾಗ ಚಿಮ್ಮುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಬರುವುದಿಲ್ಲ. ಅದು ಬಂದರೆ ಉದುರಿದ್ದನ್ನು ಕೆದಕಿಕೊಂಡು ಹೋಗುತ್ತದೆ.

ಎಡ ಬಲಗಳ ಮಾತು ಇಲ್ಲಿ ಬರುತ್ತದೆ. ಈ ಬಗೆಯ ಹೂಗಳಲ್ಲಿ ಶಲಾಕೆ ಒಂದು ಪಕ್ಕಕ್ಕೆ ಬಾಗಿದರೆ ಮದುವೆಯ ಪರಾಗ ಹೊತ್ತ ಕೇಸರ ಅದರ ಎದುರು ಪಕ್ಕಕ್ಕಿರುತ್ತದೆ. ದುಂಬಿಯ ಮೈಯ ಒಂದು ಮಗ್ಗುಲಿಗೆ ಪರಾಗ ಮೆತ್ತುತ್ತದೆ, ಇನ್ನೊಂದು ಮಗ್ಗುಲನ್ನು ಶಲಾಕಾಗ್ರ ಮುಟ್ಟುತ್ತದೆ. ಎಡಚ ಹೂವಿನಲ್ಲಿ ಮೆತ್ತಿಕೊಂಡ ಪರಾಗ ಸರಿಯಾದ ಜಾಗ ಸೇರಬೇಕಾದರೆ ಬಲಚ ಹೂವೇ ಬೇಕು. ದುಂಬಿಯ ಬಲಮಗ್ಗುಲು, ಎಡಮಗ್ಗುಲು ಎರಡೂ ಗಿಡದ ಲೆಕ್ಕದೊಳಗೆ ಬಂದುಬಿಟ್ಟಿವೆ. ಇಲ್ಲಿ ಒಂದು ಕೊರತೆಯೂ ಇದೆ. ತಂಗಡಿಯಲ್ಲಿ ಎರಡೂ ಬಗೆಯ ಹೂಗಳು ಒಂದೇ ಗಿಡದಲ್ಲಿರುವುದರಿಂದ, ದುಂಬಿ ಅದೇ ಗಿಡದಲ್ಲಿ ಹೂವಿಂದ ಹೂವಿಗೆ ಹೋದರೆ ನಡೆಯುವುದು ತನ್ನೊಳಗಿನ ಕೂಡಿಕೆಯೇ. ದಕ್ಷಿಣ ಆಫ್ರಿಕದ ವಾಖೆಂಡಾರ್ಫಿಯಾ ಎಂಬ ಗಿಡಗಳು ಒಂದು ಹೆಜ್ಜೆ ಮುಂದೆ ಹೋಗಿವೆ. ಅಲ್ಲಿ ಒಂದು ಗಿಡದ ಹೂಗಳೆಲ್ಲ ಎಡಚ, ಇನ್ನೊಂದು ಗಿಡದ ಹೂಗಳೆಲ್ಲ ಬಲಚ. ಹೀಗೆ ಬೇರೆಯಾದಾಗ ಪರಗಿಡದೊಡನೆ ಕೂಡಿಕೆ ಹೆಚ್ಚುತ್ತದೆ ಎಂಬುದನ್ನು 2002ರಲ್ಲಿ ಲಿನ್ಲಿ ಜೆಸ್ಸನ್ ಮತ್ತು ಸ್ಪೆನ್ಸರ್ ಬ್ಯಾರೆಟ್ ಪ್ರಯೋಗ ಮಾಡಿ ತೋರಿಸಿದರು.

ಈ ಎಡ ಬಲದ ಹೂಗಳ ಕುರಿತು ಅಮೆರಿಕದ ಜೆ. ಇ. ಟಾಡ್ ಎಂಬವರು 1882ರಲ್ಲಿ ಒಂದು ಲೇಖನ ಬರೆದಿದ್ದರು. ಬದನೆಯ ಕುಲಕ್ಕೇ ಸೇರಿದ ಮುಳ್ಳುಗಿಡವೊಂದರ ಹೂ ಅವರ ವಿಷಯ. ಅದನ್ನು ಓದಿದ ಚಾರ್ಲ್ಸ್ ಡಾರ್ವಿನ್ ಆ ವರ್ಷದ ಏಪ್ರಿಲ್ 10ರಂದು, ಪರಿಚಯವೇ ಇಲ್ಲದ ಆ ಮನುಷ್ಯನಿಗೆ ಪತ್ರ ಬರೆದು ಒಂದಿಷ್ಟು ಬೀಜ ಕಳಿಸುವಿರಾ ಎಂದು ಕೇಳಿದರು. ಗಿಡ ವರ್ಷವೊಂದರದ್ದೋ ಹೇಗೆ, ಯಾವಾಗ ಬಿತ್ತಬೇಕು, ಎಲ್ಲ ತಿಳಿದುಕೊಂಡು ತಾವೇ ಬೆಳೆಸಿ ನೋಡುವ ಆಸೆ. ಆಗ ಅವರ ವಯಸ್ಸು 73. ಏಪ್ರಿಲ್ 19ಕ್ಕೆ ಅವರು ತೀರಿಕೊಂಡರು. ಡಾರ್ವಿನ್ ಬಗ್ಗೆ ಎಷ್ಟೆಷ್ಟೋ ಓದಿದ್ದೇನೆ; ಅವರ ಮೇಲೆ ನನಗೆ ಅತ್ಯಂತ ಪ್ರೀತಿ ಹುಟ್ಟಿಸಿದ್ದು ಬೀಜ ಕೇಳಿದ ಈ ಕಾಗದ.

ತನ್ನ ಪರಾಗ ತನಗೇ ಬಿದ್ದರೆ ಏನು ಕೆಟ್ಟಿತು ಎಂದು ಕೇಳಬಹುದು. ಇದಕ್ಕೆ ಉತ್ತರ ಹುಡುಕುತ್ತ ಡಾರ್ವಿನ್ ಹನ್ನೊಂದು ವರ್ಷ ಕಳೆದಿದ್ದರು. ಮೊದಲಿಗೆ ಲಿನೇರಿಯಾ ಎಂಬ ಹೂಗಿಡವನ್ನು ಎರಡು ಪಾತಿಗಳಲ್ಲಿ ಬೆಳೆಸಿದ್ದರು. ಒಂದರಲ್ಲಿ ಸ್ವಕೀಯ ಪರಾಗದಿಂದ ಹುಟ್ಟಿದವು, ಇನ್ನೊಂದರಲ್ಲಿ ಪರಕೀಯ ಪರಾಗದಿಂದ ಹುಟ್ಟಿದವು. ಉದ್ದೇಶ ಬೇರೇನೋ ಇತ್ತು. ಆದರೆ ಪರಕೀಯ ಸಂಬಂಧದ ಸಸಿಗಳು ಕಣ್ಣಿಗೆ ಹೊಡೆಯುವಷ್ಟು ಎತ್ತರವಾಗಿ, ಹುಲುಸಾಗಿ ಬಂದುಬಿಟ್ಟವು. ಆಮೇಲೆ ಬಗೆಬಗೆಯ ಗಿಡಗಳ ಮೇಲೆ ಅದೇ ಪ್ರಯೋಗ ನಡೆಸಿ 1876ರಲ್ಲಿ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದರು. ಹೂವಿನ ಎಷ್ಟೋ ವಿಚಿತ್ರ ಆಕಾರಗಳಿಗೆ ಕಾರಣ ಈ ಒಂದು ನಷ್ಟವನ್ನು ತಪ್ಪಿಸಿಕೊಳ್ಳುವುದೇ.

ತಪ್ಪಿಸಿಕೊಳ್ಳುವ ದಾರಿಗಳು ಹಲವು. ಕುಂಬಳ, ಸೋರೆ, ಹೀರೆಗಳು ಗಂಡು ಹೂ, ಹೆಣ್ಣು ಹೂಗಳನ್ನು ಬೇರೆ ಬೇರೆಯಾಗಿಯೇ ಬಿಟ್ಟುಬಿಡುತ್ತವೆ. ಕುಂಬಳದ ಹೂವಿನ ತಂಬುಳಿಗೋ ಬೋಂಡಕ್ಕೋ ಹೂ ಕೊಯ್ಯುವ ಹೆಂಗಸರು ಬುಡದಲ್ಲಿ ಮಿಡಿ ಇದೆಯೇ ಎಂದು ನೋಡಿ, ಇದ್ದದ್ದನ್ನು ಬಿಟ್ಟು, ಇಲ್ಲದ್ದನ್ನು ಮಾತ್ರ ಕೊಯ್ಯುತ್ತಾರೆ. ಸಸ್ಯಶಾಸ್ತ್ರ ಓದದೆ ತಿಳಿದ ಸಸ್ಯಶಾಸ್ತ್ರ ಅದು. ಮಲೆನಾಡಿನ ಬೇಲಿಗಳಲ್ಲಿ ಗೌರಿಹಬ್ಬದ ಹೊತ್ತಿಗೆ ಅರಳುವ ಗೌರಿ ಹೂವಿನಲ್ಲಿ ಶಲಾಕೆ ಬುಡದಲ್ಲೇ ಸರಿಯಾಗಿ ಮಡಿಸಿಕೊಂಡು, ಕೇಸರಗಳಿಂದ ದೂರಕ್ಕೆ ಅಡ್ಡಡ್ಡ ಚಾಚುತ್ತದೆ. ಮಲ್ಲಿಗೆಯ ಕುಲದ ಹಲವು ಕಾಡು ಜಾತಿಗಳಲ್ಲಿ ಎರಡು ಬಗೆಯ ಬಳ್ಳಿಗಳಿವೆ. ಒಂದರ ಹೂವಿನ ಕೊಳವೆಯಲ್ಲಿ ಶಲಾಕೆ ಮೇಲೆ, ಕೇಸರ ಕೆಳಗೆ. ಇನ್ನೊಂದರಲ್ಲಿ ಶಲಾಕೆ ಕೆಳಗೆ, ಕೇಸರ ಮೇಲೆ. ಪತಂಗದ ಉದ್ದ ಸೊಂಡಿಲಿನ ಬುಡಕ್ಕೆ ಮೆತ್ತಿದ ಪರಾಗ ಒಂದು ಬಗೆಯದು, ತುದಿಗೆ ಮೆತ್ತಿದ್ದು ಇನ್ನೊಂದು ಬಗೆಯದು. ಎರಡಕ್ಕೂ ತಲುಪುವ ಜಾಗ ಬೇರೆ ಬೇರೆ. ಮುಡಿಗೇರುವ ಮಲ್ಲಿಗೆಯನ್ನು ನಾವು ಮೊಗ್ಗಿನಲ್ಲೇ ಕೊಯ್ದುಬಿಡುವುದರಿಂದ ಅದರೊಳಗನ್ನು ನೋಡುವ ಪ್ರಸಂಗವೇ ಬರುವುದಿಲ್ಲ. ಎಸಳಿನ ಮೇಲೆ ಎಸಳು ಹೆಚ್ಚಿಸಿಕೊಂಡ ಸುತ್ತುಮಲ್ಲಿಗೆ, ಮುದ್ದೆ ದಾಸವಾಳಗಳ ಕಥೆ ಇನ್ನೂ ಬೇರೆ. ಮುದ್ದೆ ದಾಸವಾಳದಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿವೆ. ನಮ್ಮ ಕಣ್ಣಿಗೆ ಹಬ್ಬ, ಗಿಡಕ್ಕೆ ಸಂತಾನವಿಲ್ಲ. ಕಡ್ಡಿ ನೆಟ್ಟು ಅದರ ವಂಶ ಉಳಿಸುವವರು ನಾವು.

ಹಿತ್ತಲಿನ ಬದನೆಯನ್ನು ಬಿಟ್ಟು ಮುಂದೆ ಹೋಗಲಾರೆ. ಬದನೆ ಹೂ ಉದುರುತ್ತದೆ ಎಂಬುದು ಬೆಳೆದವರೆಲ್ಲರ ದೂರು. ನೀರು ಹೆಚ್ಚಾಯಿತೆನ್ನುತ್ತಾರೆ, ಕಡಿಮೆಯಾಯಿತೆನ್ನುತ್ತಾರೆ, ಬಿಸಿಲಿನ ಮೇಲೆ ಹಾಕುತ್ತಾರೆ. ಅವೂ ಇರಬಹುದು. ಆದರೆ ಉದುರಿದ ಹೂಗಳನ್ನು ಆರಿಸಿ, ಹಳದಿ ಕೇಸರಗಳ ನಡುವೆ ಶಲಾಕೆ ಎಷ್ಟುದ್ದವಿದೆ ಎಂದು ನೋಡಿದರೆ ಇನ್ನೊಂದು ಕಾರಣ ಕಾಣುತ್ತದೆ. ಬದನೆಯ ಒಂದೇ ಗಿಡ ಉದ್ದ ಶಲಾಕೆಯ, ಮಧ್ಯಮ ಶಲಾಕೆಯ, ಗಿಡ್ಡ ಶಲಾಕೆಯ ಹೂಗಳನ್ನು ಬಿಡುತ್ತದೆ. ಶಲಾಕೆ ಕೇಸರಗಳ ತುದಿ ದಾಟಿ ಹೊರಬಂದ, ಇಲ್ಲವೇ ಅದರ ಮಟ್ಟಕ್ಕೆ ಬಂದ ಹೂಗಳು ಕಾಯಿ ಕಟ್ಟುತ್ತವೆ. ಒಳಗೇ ಗಿಡ್ಡವಾಗಿ ಉಳಿದವು ಸಾಮಾನ್ಯವಾಗಿ ಉದುರಿಬೀಳುತ್ತವೆ. ಅವುಗಳ ಪಾಲಿಗೆ ಗಂಡಿನ ಕೆಲಸವಷ್ಟೆ. ಕಾಯಿ ಹೊರುವುದು ಗಿಡಕ್ಕೆ ಖರ್ಚಿನ ಬಾಬತ್ತು. ಎಲ್ಲ ಹೂವನ್ನೂ ಕಾಯಿ ಮಾಡುವ ಶಕ್ತಿ ಅದಕ್ಕಿಲ್ಲ. ಉಡುಪಿಯ ಮಟ್ಟುಗುಳ್ಳವಾಗಲಿ ಮೈಸೂರಿನ ಕಡೆಯ ಬದನೆಯಾಗಲಿ ಇದಕ್ಕೆ ಹೊರತಲ್ಲ. ಇದರ ಪರಾಗಕೋಶವೂ ರಂಧ್ರದಿಂದಲೇ ತೆರೆಯುವಂಥದ್ದು, ಇಲ್ಲೂ ಅದುರಿಸುವ ಹುಳಗಳೇ ಬೇಕು. ದುಂಬಿಯ ಜೊತೆಗೆ, ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ಒಂಟಿ ಜೇನುಗಳು ಈ ಕೆಲಸದಲ್ಲಿ ಪಳಗಿದವು. ಅವು ಮನೆ ಮಾಡುವುದು ಮಣ್ಣಿನ ಗೋಡೆಯಲ್ಲಿ, ಉಳದೆ ಬಿಟ್ಟ ನೆಲದಲ್ಲಿ. ಔಷಧಿ ಹೊಡೆಯುವ ಮುಂಚೆ, ಬದುವನ್ನೂ ಒಣ ಬಿದಿರನ್ನೂ ತೆಗೆದು ಚೊಕ್ಕಟ ಮಾಡುವ ಮುಂಚೆ, ಬದನೆ ಬೆಳೆಯುವವರು ಇವುಗಳನ್ನೊಮ್ಮೆ ನೆನೆಯಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಗಿಡ ಕಾಯ್ದುಕೊಂಡ ದೂರ. ಮನುಷ್ಯ ಮುಚ್ಚಿಹಾಕಿದ ದೂರವೂ ಉಂಟು. ಟೊಮೆಟೊ ದಕ್ಷಿಣ ಅಮೆರಿಕದ ಆಂಡೀಸ್ ಸೀಮೆಯದು. ಅಲ್ಲಿನ ಅದರ ಕಾಡು ಬಂಧುಗಳಲ್ಲಿ ಶಲಾಕೆ ಕೇಸರಗಳ ಕೊಳವೆಯಿಂದ ಹೊರಗೆ ಚಾಚಿ ಪರಗಿಡದ ಪರಾಗಕ್ಕೆ ಕಾಯುತ್ತದೆ. ಕೆಲವಂತೂ ತಮ್ಮ ಪರಾಗವನ್ನು ಒಪ್ಪುವುದೇ ಇಲ್ಲ. ಮನುಷ್ಯ ಬೀಜ ಹೊತ್ತುಕೊಂಡು ದೇಶಾಂತರ ಹೋದ ಮೇಲೆ ಆ ಊರಿನ ಹುಳಗಳು ಹಿಂದೆಯೇ ಉಳಿದವು. ಹೊಸ ಜಾಗದಲ್ಲಿ ಯಾರೂ ಬರದಿದ್ದರೂ ಕಾಯಿ ಕಟ್ಟಿದ ಗಿಡಗಳ ಬೀಜವನ್ನೇ ರೈತರು ಎತ್ತಿಟ್ಟರು. ತಲೆಮಾರು ಕಳೆದಂತೆ ಶಲಾಕೆ ಗಿಡ್ಡವಾಗುತ್ತ ಕೊಳವೆಯೊಳಕ್ಕೆ ಸೇರಿಕೊಂಡಿತು. ಹೀಗೆ ಗಿಡ್ಡವಾದದ್ದರ ಹಿಂದಿರುವ ಒಂದು ಮುಖ್ಯ ಜೀನ್ 2007ರಲ್ಲಿ ಪತ್ತೆಯಾಯಿತು. ಕೋಲಾರದ ಮಂಡಿಗೆ ಬೆಳಗಾದರೆ ಬಂದು ಬೀಳುವ ಕ್ರೇಟುಗಳ ರಾಶಿಯ ಹಿಂದೆ ಇರುವುದು ಈ ಒಳಸೇರಿದ ಶಲಾಕೆ. ಅದಕ್ಕೆ ತೆತ್ತ ಬೆಲೆಯೂ ಉಂಟು. ತನ್ನೊಳಗೇ ಕೂಡುತ್ತ ಬಂದ ಟೊಮೆಟೊವಿನ ವಂಶದಲ್ಲಿ ವೈವಿಧ್ಯ ತೆಳುವಾಯಿತು. ಹೊಸ ರೋಗ ಬಂದಾಗಲೆಲ್ಲ ತಳಿ ತಜ್ಞರು ತಡೆಯುವ ಗುಣ ಹುಡುಕಿಕೊಂಡು ಮತ್ತೆ ಆ ಕಾಡು ಬಂಧುಗಳ ಬಳಿಗೇ ಹೋಗಬೇಕಾಗಿದೆ.

ಭತ್ತವೂ ಹಾಗೆಯೇ ಒಳಮುಖವಾದದ್ದು. ಕಾಡುಭತ್ತದ ಹೂವಿನಲ್ಲಿ ಪರಾಗಕೋಶ ದೊಡ್ಡದು, ಶಲಾಕಾಗ್ರ ಹೊರಗೆ ಇಣುಕುತ್ತದೆ. ಗದ್ದೆಯ ಭತ್ತದಲ್ಲಿ ಹೂ ಬೆಳಗಿನ ಹೊತ್ತು ಸ್ವಲ್ಪ ಕಾಲ ಬಾಯಿಬಿಟ್ಟು ಮುಚ್ಚಿಕೊಳ್ಳುತ್ತದೆ; ಅಷ್ಟರಲ್ಲಿ ತನ್ನ ಪರಾಗ ತನಗೆ ಬಿದ್ದಾಗಿರುತ್ತದೆ. ಇಲ್ಲಿ ನಾನು ನಷ್ಟದ ಮಾತನ್ನೇ ಆಡಲಾರೆ. ಮಂಡ್ಯದ ಕಿರುಗಾವಲಿನಲ್ಲಿ ನೂರಾರು ನಾಟಿ ಭತ್ತದ ತಳಿಗಳನ್ನು ಮಗ್ಗುಲು ಮಗ್ಗುಲಿಗೇ ಬೆಳೆಯಲು, ವರ್ಷದಿಂದ ವರ್ಷಕ್ಕೆ ಒಂದರ ಗುಣ ಇನ್ನೊಂದಕ್ಕೆ ಬೆರೆಯದೆ ಉಳಿಸಿಕೊಳ್ಳಲು ಸಾಧ್ಯವಾಗಿರುವುದು ಈ ಮುಚ್ಚಿದ ಬಾಯಿಂದಲೇ. ಮೆಕ್ಕೆಜೋಳವನ್ನೋ ಸಜ್ಜೆಯನ್ನೋ ಹಾಗೆ ಬೆಳೆದಿದ್ದರೆ ನಾಲ್ಕೇ ವರ್ಷಕ್ಕೆ ಎಲ್ಲ ಕಲಸಿಹೋಗುತ್ತಿತ್ತು.

ಇನ್ನು ಮನುಷ್ಯನ ಬೆರಳೇ ದಾಟಿಸಿದ ದೂರ. ವೆನಿಲ್ಲಾ ಮೆಕ್ಸಿಕೊ ಕಡೆಯ ಬಳ್ಳಿ, ಆರ್ಕಿಡ್ ಜಾತಿಯದು. ಅದರ ಹೂವಿನಲ್ಲಿ ಗಂಡೂ ಹೆಣ್ಣೂ ಒಂದೇ ಕಂಬದ ಮೇಲೆ ಕೂತಿವೆ, ನಡುವೆ ಒಂದು ತೆಳು ಪೊರೆ ಅಡ್ಡ ಇದೆ. ಆ ಪೊರೆಯನ್ನು ಎತ್ತುವವರಿಲ್ಲದೆ ಕೂಡಿಕೆ ಇಲ್ಲ. ಫ್ರೆಂಚರು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಬಳ್ಳಿ ತಂದು ನೆಟ್ಟರು, ಬಳ್ಳಿ ಹಬ್ಬಿತು, ಹೂ ಬಿಟ್ಟಿತು, ಕಾಯಿ ಮಾತ್ರ ಬಿಡಲಿಲ್ಲ. 1836ರಲ್ಲಿ ಬೆಲ್ಜಿಯಂನ ಚಾರ್ಲ್ಸ್ ಮೊರ‍್ರೆನ್ ಎಂಬ ಸಸ್ಯಶಾಸ್ತ್ರಜ್ಞ ಕೈಯಿಂದ ಪರಾಗಸ್ಪರ್ಶ ಮಾಡಿ ತೋರಿಸಿದ್ದುಂಟು, ಆದರೆ ತೋಟಕ್ಕೆ ಒಗ್ಗುವ ವಿಧಾನ ಅದಾಗಲಿಲ್ಲ. 1841ರಲ್ಲಿ ಆ ದ್ವೀಪದ ಒಂದು ತೋಟದಲ್ಲಿ ಗುಲಾಮನಾಗಿದ್ದ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಹುಡುಗ ಸೀಳುಕಡ್ಡಿಯಿಂದ ಆ ಪೊರೆಯನ್ನು ಮೇಲಕ್ಕೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಶಲಾಕಾಗ್ರಕ್ಕೆ ಒತ್ತಿಬಿಟ್ಟ. ಕ್ಷಣದ ಕೆಲಸ. ಜಗತ್ತಿನ ವೆನಿಲ್ಲಾ ವ್ಯಾಪಾರವೆಲ್ಲ ಇವತ್ತಿಗೂ ನಿಂತಿರುವುದು ಆ ಹುಡುಗನ ಕೈಚಳಕದ ಮೇಲೆ. 1848ರಲ್ಲಿ ಗುಲಾಮಗಿರಿ ರದ್ದಾದ ಮೇಲೆ ಅವನಿಗೆ ಆಲ್ಬಿಯಸ್ ಎಂಬ ಉಪನಾಮ ಸಿಕ್ಕಿತು. ಹಣ ಸಿಗಲಿಲ್ಲ. 1880ರಲ್ಲಿ ಬಡತನದಲ್ಲೇ ತೀರಿಕೊಂಡ.

ನಮ್ಮ ಮಲೆನಾಡಿಗೂ ಕರಾವಳಿಗೂ ವೆನಿಲ್ಲಾ ಬಂದಾಗ ಆ ಚಳಕವೂ ಬಂತು. ಹೂ ಬೆಳಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ. ಅಷ್ಟರಲ್ಲಿ ಮುಗಿಸಬೇಕು. ಮನೆಯ ಹೆಂಗಸರು ತಿಂಡಿಗೂ ಮುಂಚೆ ಕಡ್ಡಿ ಹಿಡಿದು ತೋಟಕ್ಕಿಳಿಯುತ್ತಿದ್ದ ಆ ವರ್ಷಗಳು ಶಿರಸಿ, ಪುತ್ತೂರು, ತೀರ್ಥಹಳ್ಳಿಗಳವರಿಗೆ ಚೆನ್ನಾಗಿ ನೆನಪಿವೆ. 2003ರ ಸುಮಾರಿಗೆ ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಬೆಲೆ ಬಂದು, ರಾತ್ರಿ ತೋಟ ಕಾಯುವಂತಾಯಿತು. ಎರಡು ವರ್ಷ ಕಳೆಯುವುದರೊಳಗೆ ಬೆಲೆ ನೆಲಕಚ್ಚಿತು. ತುಂಡು ನೆಟ್ಟು ಬೆಳೆಸಿದ ಬಳ್ಳಿಗಳೆಲ್ಲ ಒಂದೇ ವಂಶದವು. ಕೊಳೆರೋಗ ಒಂದಕ್ಕೆ ಹತ್ತಿದರೆ ಎಲ್ಲಕ್ಕೂ ಹತ್ತುತ್ತಿತ್ತು. ಪೊರೆ ಎತ್ತಿ ಕಾಯಿ ಪಡೆದೆವು ನಿಜ. ಆ ಪೊರೆ ಯಾವ ವೈವಿಧ್ಯವನ್ನು ಕಾಯಲು ಇತ್ತೋ ಅದನ್ನು ತೋಟಕ್ಕೆ ತರಲಿಲ್ಲ.

ಉತ್ತರ ಕರ್ನಾಟಕದಲ್ಲಿ ಬೆರಳಿನ ಕೆಲಸ ಇದಕ್ಕೂ ಹಳೆಯದು, ಇದಕ್ಕೂ ದೊಡ್ಡದು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವರಲಕ್ಷ್ಮಿಯನ್ನು ತಂದರು. ತಾಯಿ ಲಕ್ಷ್ಮಿ ಎಂಬ ತಳಿ, ತಂದೆ ಉದ್ದ ಎಳೆಯ ಇನ್ನೊಂದು ಜಾತಿ. ಹತ್ತಿ ಹೂವಿನಲ್ಲಿ ಶಲಾಕೆಯ ಸುತ್ತ ಕೇಸರಗಳ ಕಂಬವೇ ಇರುತ್ತದೆ. ಸಂಜೆ, ನಾಳೆ ಅರಳುವ ಮೊಗ್ಗನ್ನು ಹುಡುಕಿ, ಹೆಬ್ಬೆರಳ ಉಗುರಿನಿಂದ ಬುಡದಲ್ಲಿ ಗೀರಿ, ಎಸಳು ಕೇಸರ ಎಲ್ಲವನ್ನೂ ಒಟ್ಟಿಗೆ ಕಳಚಿ, ಶಲಾಕೆಯನ್ನು ಮಾತ್ರ ನೋವಾಗದಂತೆ ಉಳಿಸಬೇಕು. ಬೆಳಗ್ಗೆ ಗಂಡು ಸಾಲಿನ ಹೂ ತಂದು ಅದಕ್ಕೆ ಸವರಬೇಕು, ಗುರುತಿಗೆ ದಾರ ಕಟ್ಟಬೇಕು. ರಾಣೆಬೆನ್ನೂರಿನ ಸುತ್ತಲಿನ ಹಳ್ಳಿಗಳಲ್ಲಿ ಟೊಮೆಟೊ, ಮೆಣಸಿನಕಾಯಿಗಳಿಗೂ ಇದೇ ಕೆಲಸ, ಚಿಮಟ ಹಿಡಿದು. ಎಲ್ಲರ ಬಾಯಲ್ಲೂ ಅದು ‘ಕ್ರಾಸಿಂಗ್’. ಟೊಮೆಟೊ ಮೊಗ್ಗು ಬಿಡಿಸಿ ಕೇಸರದ ಕೊಳವೆ ಕಿತ್ತು, ಮರುದಿನ ಪರಾಗ ಮುಟ್ಟಿಸಿದ ಮೇಲೆ ಪುಷ್ಪಪಾತ್ರೆಯ ಎಲೆಗಳಲ್ಲಿ ಒಂದೆರಡನ್ನು ಕತ್ತರಿಸಿ ಗುರುತು ಮಾಡುತ್ತಾರೆ. ಕಾಯಿ ಹಣ್ಣಾದಾಗ ಆ ಕತ್ತರಿಸಿದ ಎಲೆಯೇ ಸಾಕ್ಷಿ. ಒಂದು ಮೊಗ್ಗು ತಪ್ಪಿ ಅರಳಿದರೆ ಅದನ್ನು ಕಿತ್ತೆಸೆಯಬೇಕು. ಬೀಜದಲ್ಲಿ ಬೆರಕೆ ಸೇರಿದರೆ ಲಾಟೇ ತಿರಸ್ಕಾರವಾಗುತ್ತದೆ. ತಂಗಡಿಯಲ್ಲಿ ದುಂಬಿಯ ಎಡಮಗ್ಗುಲು ಬಲಮಗ್ಗುಲು ಮಾಡುವ ಆಯ್ಕೆಯನ್ನು ಇಲ್ಲಿ ಹೆಂಗಸರು ಕಣ್ಣಿಟ್ಟು, ಬಗ್ಗಿ ನಿಂತು, ಹೂವಿಂದ ಹೂವಿಗೆ ಮಾಡುತ್ತಾರೆ. ಆಂಧ್ರ, ಗುಜರಾತ್, ಕರ್ನಾಟಕಗಳ ಹತ್ತಿ ಬೀಜದ ಹೊಲಗಳಲ್ಲಿ ಮಕ್ಕಳ ಬೆರಳುಗಳನ್ನೂ ಇದಕ್ಕೆ ಹಚ್ಚಿದ್ದು ದಾಖಲಾಗಿರುವ ಸಂಗತಿ. ರಿಯೂನಿಯನ್ನಿನ ಹುಡುಗನ ವಯಸ್ಸಿನವರೇ ಅವರಲ್ಲಿದ್ದರು. ಅದನ್ನು ಓದಿದ ದಿನದಿಂದ ಹೈಬ್ರಿಡ್ ಬೀಜದ ಪೊಟ್ಟಣವನ್ನು ಹಗುರವಾಗಿ ಕೈಗೆತ್ತಿಕೊಳ್ಳಲು ನನ್ನಿಂದ ಆಗಿಲ್ಲ.

ಆ ಪೊಟ್ಟಣದ ಮೇಲೆ ತಳಿಯ ಹೆಸರಿರುತ್ತದೆ, ಲಾಟ್ ನಂಬರು, ಮೊಳಕೆಯ ಶೇಕಡಾವಾರು, ಪರೀಕ್ಷೆಯ ತಾರೀಕು, ಬೆಲೆ. ಆ ಬೀಜದಿಂದ ಬೆಳೆದದ್ದರ ಬೀಜವನ್ನು ಮತ್ತೆ ಬಿತ್ತಿದರೆ ಗುಣ ಒಡೆದುಹೋಗುವುದರಿಂದ ರೈತ ಪ್ರತಿ ವರ್ಷ ಹೊಸ ಪೊಟ್ಟಣವನ್ನೇ ಕೊಳ್ಳಬೇಕು. ಅಂದರೆ ಪ್ರತಿ ವರ್ಷ ಯಾರೋ ಮತ್ತೆ ಅಷ್ಟೂ ಮೊಗ್ಗು ಬಿಡಿಸಿರಬೇಕು. ಬಿಡಿಸಿದವರ ಊರಿನ ಸುಳಿವು ಪೊಟ್ಟಣದಲ್ಲಿಲ್ಲ. ಇಳಕಲ್ಲಿನ ಸೀರೆಗೆ ನೇಯ್ದ ಊರಿನ ಹೆಸರಿದೆ. ರಾಣೆಬೆನ್ನೂರಿಗೆ ನೆರೆಯ ಬ್ಯಾಡಗಿಯ ಹೆಸರು ಮೆಣಸಿನಕಾಯಿಯ ಜೊತೆಗೆ ದೇಶವೆಲ್ಲ ಸುತ್ತಿದೆ. ಮೊಳಕೆಯ ಶೇಕಡಾವಾರಿನ ಕೆಳಗೆ ಇನ್ನೊಂದು ಸಾಲು ಅಚ್ಚಾಗಲಿ: ಯಾವ ತಾಲ್ಲೂಕು, ಯಾವ ಹಳ್ಳಿ, ಕ್ರಾಸಿಂಗ್ ಮಾಡಿದವರಿಗೆ ದಿನಕ್ಕೆ ಕೊಟ್ಟ ಕೂಲಿ ಎಷ್ಟು.